ಎಪ್ಪತ್ತಮೂರಕ್ಕೆ ಹೋದ ಗೆರೆಗಳು

ನಾನು ಜಂಬದ ಹೆಂಗಸು. ಬೇರೆಯವರ ಬಾಯಿಂದ ಬರುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಜಾವಾದ ಕುದುಸ್ ಊರಿನ ಲವಂಗದ ಸಿಗರೇಟಿನ ಕಾರ್ಖಾನೆಯಲ್ಲಿ ಮೂರನೆಯ ಶೆಡ್ಡಿಗೆ ಇಪ್ಪತ್ತೆರಡು ವರ್ಷದಿಂದ ಮೇಸ್ತ್ರಿ ನಾನು, ಸುಪ್ರಾಪ್ತಿ; ಎಲ್ಲರ ಬಾಯಲ್ಲೂ ಬು, ಅಂದರೆ ಅಮ್ಮ. ನೂರ ಅರವತ್ತು ಹೆಂಗಸರು, ಎಂಬತ್ತು ಜೋಡಿ. ಜೋಡಿಯಲ್ಲಿ ಒಬ್ಬಳು ಸುತ್ತುತ್ತಾಳೆ, ಎದುರಿಗೆ ಕೂತವಳು ಕತ್ತರಿಯಿಂದ ಎರಡೂ ತುದಿ ಸವರುತ್ತಾಳೆ. ಇಬ್ಬರಿಗೂ ಸೇರಿ ಒಂದೇ ಎಣಿಕೆ. ಯಾರ ಮಗಳಿಗೆ ಎಷ್ಟನೇ ತಿಂಗಳು, ಯಾರ ಗಂಡ ಮನೆ ಬಿಟ್ಟು ಹೋದ, ಯಾರ ಅತ್ತೆ ಯಾರ ಬಳೆ ಅಡಗಿಸಿಟ್ಟಳು, ಈ ಶೆಡ್ಡಿನಲ್ಲಿ ನನಗೆ ಗೊತ್ತಿಲ್ಲದ್ದು ಎಳ್ಳಷ್ಟೂ ಇಲ್ಲ ಎಂದೇ ತಿಳಿದಿದ್ದೆ. ಅಯ್ಯೋ ನನ್ನ ತಿಳಿವಳಿಕೆಯೇ!

ಆ ವರ್ಷ ಸುರಬಾಯಾದಿಂದ ಹೊಸ ಮ್ಯಾನೇಜರು ಬಂದರು, ಪಾಕ್ ದಾನು, ಅಂದರೆ ದಾನು ಸಾಹೇಬರು. ಇಸ್ತ್ರಿ ಮುರಿಯದ ಅಂಗಿ, ಮೆಲು ಮಾತು. ಬಂದ ವಾರಕ್ಕೇ ಮೇಸ್ತ್ರಿಗಳನ್ನೆಲ್ಲ ಕೂರಿಸಿಕೊಂಡು ಎರಡು ಸಂಗತಿ ಹೇಳಿದರು. ಒಂದು, ಪ್ರತಿ ಶೆಡ್ಡಿನಲ್ಲೂ ತೀರಾ ನಿಧಾನದ ಒಂದು ಜೋಡಿಯನ್ನು ಮನೆಗೆ ಕಳಿಸುವುದು. ಹೆಸರು ಬರೆದು ಕೊಡಬೇಕಾದವರು ನಾವು. ಇನ್ನೊಂದು, ಉಳಿದ ಜೋಡಿಗಳನ್ನು ಒಡೆದು, ಸ್ವಭಾವ ನೋಡಿ ಹೊಸದಾಗಿ ಕೂರಿಸುವುದು. ಸ್ವಭಾವ ಅಳೆಯಲು ಸೆಮರಾಂಗಿನ ವಿಶ್ವವಿದ್ಯಾಲಯದಿಂದ ಒಬ್ಬರು ಬರುತ್ತಾರೆ, ಆ ಕೆಲಸ ಮುಗಿದ ಮೇಲೆ ಎರಡೂ ಒಟ್ಟಿಗೆ ಜಾರಿ ಎಂದರು.

ಹೆಸರು ಬರೆಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಕಸ್ಮಿರಾ ಮತ್ತು ಗಿಯೋಕ್ ಲಾನ್. ಹನ್ನೊಂದು ವರ್ಷದ ಜೋಡಿ, ಎಣಿಕೆಯಲ್ಲಿ ಯಾವಾಗಲೂ ಕಟ್ಟಕಡೆ. ಸುತ್ತುವವಳು ಕಸ್ಮಿರಾ, ಐವತ್ತೆರಡರ ವಿಧವೆ. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ಶೆಡ್ಡೆಲ್ಲ ಅವಳನ್ನು ಯು ಕಸ್ಮಿ, ಅಂದರೆ ಕಸ್ಮಿ ಅಕ್ಕ, ಎನ್ನುತ್ತಿತ್ತು. ಕತ್ತರಿಸುವವಳು ಗಿಯೋಕ್ ಲಾನ್, ಹಳೇ ಪೇಟೆಯ ಚೀನೀ ಮನೆತನದವಳು, ಮೂವತ್ತೆಂಟು. ಇಬ್ಬರೂ ಕೂತರೆ ಜಗಳ, ನಿಂತರೆ ಜಗಳ.

"ನಿನ್ನ ಕತ್ತರಿ ಏನು ತೆಂಗಿನಕಾಯಿ ತುರಿಯೋದೇನೇ? ನೋಡು ಈ ತುದಿ, ಇಲಿ ಕಡಿದ ಹಾಗಿದೆ!"

"ನೀನು ಸುತ್ತಿರೋದು ಸಿಗರೇಟಾ ಯು? ತುಂಬು ಬಸುರಿ ಹೊಟ್ಟೆ ಇದ್ದಂಗಿದೆ. ಎಲ್ಲಿಂದ ಕತ್ತರಿಸ್ಲಿ?"

"ಬಾಯಿ ನೋಡು ಬಾಯಿ! ಎದ್ದು ಹೋಗೇ ಆ ಕಡೆ!"

ಗಿಯೋಕ್ ಲಾನ್ ಕತ್ತರಿ ಕೈಯಲ್ಲಿ ಹಿಡಿದು ದುಡುದುಡು ಎದ್ದು ಹೊರಡುತ್ತಿದ್ದಳು. ನನಗೂ ತಲೆ ಚಿಟ್ಟು ಹಿಡಿದು, "ಹೋಗು ಮಾರಾಯ್ತಿ, ಯಾವುದಾದ್ರೂ ಮೂಲೇಲಿ ಕೂತು ತಣ್ಣಗಾಗಿ ಬಾ" ಎಂದು ನಾನೇ ಕಳಿಸುತ್ತಿದ್ದೆ. ದಿನಕ್ಕೆ ಮೂರು ಸಲ, ನಾಲ್ಕು ಸಲ. ಹೀಗಿದ್ದ ಮೇಲೆ ಎಣಿಕೆ ಎಲ್ಲಿಂದ ಬರಬೇಕು? ಐವತ್ತೆರಡರ ವಿಧವೆಗೆ ಬೇರೆ ಯಾವ ಕಾರ್ಖಾನೆ ಬಾಗಿಲು ತೆಗೆಯುತ್ತದೆ ಎಂದು ಯೋಚಿಸಿದ್ದೆ, ಸುಳ್ಳೇಕೆ ಹೇಳಲಿ. ಯೋಚಿಸಿಯೂ ಬರೆದೆ.

ಸೆಮರಾಂಗಿನಿಂದ ಬಂದವಳ ಹೆಸರು ಹಪ್ಸಾರಿ. ಕೆಲಸಗಾರರ ಮನಸ್ಸನ್ನು ಓದುವ ಡಾಕ್ಟರಂತೆ. ಇಪ್ಪತ್ತೊಂಬತ್ತು ವರ್ಷ, ಕಡ್ಡಿಯಂಥ ಮೈ. ಲವಂಗದ ಘಾಟಿಗೆ ಮೊದಲ ದಿನವೇ ಹನ್ನೊಂದು ಸಲ ಸೀನಿದಳು.

"ನಮ್ಮ ಮನಸ್ಸು ಆಮೇಲೆ ಓದ್ಲಿ, ಮೊದ್ಲು ಮೂಗು ಒರೆಸ್ಕೊಳ್ಳಲಿ" ಎಂದೆ. ಹಿಂದಿನ ಸಾಲು ಪೂರ್ತಿ ನಕ್ಕಿತು. ಹುಡುಗಿಯೂ ನಕ್ಕಳು, ಅದು ನನಗೆ ಹಿಡಿಸಿತು.

ಅವಳು ಹಂಚಿದ ಕಾಗದದಲ್ಲಿ ನಲವತ್ತನಾಲ್ಕು ಸಾಲುಗಳಿದ್ದವು. ನಾನು ಎಲ್ಲರೊಂದಿಗೆ ಬೆರೆಯುತ್ತೇನೆ. ನಾನು ಬೇಗ ಸಿಟ್ಟಾಗುತ್ತೇನೆ. ನನ್ನ ಕೆಲಸದಲ್ಲಿ ನನಗೆ ಸುಖವಿದೆ. ಪ್ರತಿಯೊಂದರ ಮುಂದೆ ಐದು ಮನೆ, ಪೂರ್ತಿ ಸುಳ್ಳು ಎನ್ನುವುದರಿಂದ ಪೂರ್ತಿ ನಿಜ ಎನ್ನುವವರೆಗೆ. ಹೆಸರು ಬರೆಯುವಂತಿಲ್ಲ, ಕುರ್ಚಿಯ ನಂಬರು ಮಾತ್ರ. ಮೇಸ್ತ್ರಿಗೆ ಕುರ್ಚಿ ಇಲ್ಲವಾದ್ದರಿಂದ ನನಗೆ ಸೊನ್ನೆ ಕೊಟ್ಟಳು.

ಮಾರನೆಯ ದಿನ ಕಾಗದದ ರಾಶಿ ಹೊತ್ತು ನನ್ನ ಹತ್ತಿರ ಬಂದಾಗ ಅವಳು ಅಳುವುದೊಂದು ಬಾಕಿ.

"ಬು, ಇದೇನಿದು? ಎಲ್ಲರೂ ನಡುವಿನ ಮನೆಗೇ ಗುರುತು ಹಾಕಿದ್ದಾರೆ. ಒಬ್ಬರೂ ಆ ಕಡೆ ಇಲ್ಲ, ಈ ಕಡೆ ಇಲ್ಲ. ನೂರ ಅರವತ್ತು ಜನದ ಸ್ವಭಾವ ಒಂದೇ ಥರ ಇರೋಕೆ ಸಾಧ್ಯಾನಾ?"

"ಮತ್ತೆ? ನಾನು ಒಳ್ಳೆಯವಳು ಅಂತ ಯಾವ ಮಾನವಂತೆ ತನ್ನ ಕೈಯಾರೆ ಬರೀತಾಳೆ? ಕೆಟ್ಟವಳು ಅಂತ ಬರೆದ್ರೆ ಅವಳ ಜೊತೆ ಕೂತವಳಿಗೆ ಅವಮಾನ. ನಡುವಿಗೆ ಹಾಕಿದ್ರೆ ಯಾರ ಮನಸ್ಸಿಗೂ ನೋವಿಲ್ಲ."

"ನೀವೂ ನಡುವಿಗೇ ಹಾಕಿದ್ರಾ?"

"ನಾನೇನು ಮಾನ ಬಿಟ್ಟವಳೇನಮ್ಮಾ?"

ಹುಡುಗಿ ತಲೆಯ ಮೇಲೆ ಕೈ ಹೊತ್ತು ಕೂತಳು. ಪಾಪ ಅನ್ನಿಸಿತು. "ನೋಡು, ನಮಗೆ ಕನ್ನಡಿ ನೋಡೋಕೆ ಪುರುಸೊತ್ತೆಲ್ಲಿ? ಬೆಳಗ್ಗೆ ಆರರಿಂದ ನೋಡೋದು ಎದುರಿಗೆ ಕೂತವಳ ಮುಖಾನೇ. ಅವಳ ಬಗ್ಗೆ ಅವಳ ಜೋಡೀನ ಕೇಳು. ಒಬ್ಬೊಬ್ಬಳನ್ನೇ ಕರೆದು ಕೇಳು. ಆಮೇಲೆ ಕಾಗದ ಸಾಲದು ಅಂತ ನನ್ನ ಹತ್ರ ಬರಬೇಡ."

ಹಾಗೆಯೇ ಆಯಿತು. ಎಲೆ ದಾಸ್ತಾನಿನ ಕೋಣೆಯಲ್ಲಿ ಒಂದು ಮೇಜು ಹಾಕಿ ಒಬ್ಬೊಬ್ಬರನ್ನೇ ಕರೆದಳು. ನನ್ನ ಜೋಡಿ ಬೇಗ ಸಿಟ್ಟಾಗುತ್ತಾಳೆ. ನನ್ನ ಜೋಡಿ ಇನ್ನೊಬ್ಬರ ಕಷ್ಟ ಬೇಗ ಅರಿಯುತ್ತಾಳೆ. ಅಬ್ಬಾ, ಪೆನ್ನು ಓಡಿದ ಓಟವೇ! ಕೆಲವರು ಕಾಗದ ಮಗುಚಿ ಹಿಂದೆಯೂ ಬರೆದರು. ಕೊನೆಯಲ್ಲಿ ಒಂದೇ ಪ್ರಶ್ನೆ ಹೊಸದಾಗಿ ಸೇರಿಸಿದ್ದಳು: ತೀರಾ ಕೆಟ್ಟ ದಿನ ಬಂದರೆ ಯಾರ ಹತ್ತಿರ ಹೋಗಿ ಕೂರಬೇಕು ಅನ್ನಿಸುತ್ತದೆ? ನಿಮ್ಮ ಜೋಡಿಯನ್ನು ಬಿಟ್ಟು ಒಂದು ನಂಬರು ಬರೆಯಿರಿ. ನಾನು ಅದನ್ನು ಖಾಲಿ ಬಿಟ್ಟೆ. ಯಾರ ಹತ್ತಿರವೂ ಹೋಗಿ ಕೂತು ನನಗೆ ಅಭ್ಯಾಸವಿಲ್ಲ. ಆದರೆ ಉಳಿದವರು ಏನು ಬರೆಯುತ್ತಾರೆಂದು ಒಳಗೊಳಗೇ ಗೊತ್ತಿತ್ತು. ಸೊನ್ನೆ, ಇನ್ನೇನು.

ಬುಧವಾರ ಮಧ್ಯಾಹ್ನ ಹೆಂಗಸರೆಲ್ಲ ಮನೆಗೆ ಹೋದ ಮೇಲೆ ಹಪ್ಸಾರಿ ಎಣಿಕೆ ಮೇಜಿನ ಮೇಲೆ ಹಾಸಿಗೆಯಷ್ಟು ದೊಡ್ಡ ಕಾಗದವೊಂದನ್ನು ಬಿಡಿಸಿದಳು. ಕಾಗದದ ತುಂಬ ಚುಕ್ಕಿಗಳು, ಪಕ್ಕದಲ್ಲಿ ಸಣ್ಣ ನಂಬರು. ಕುರ್ಚಿಗಳು ಶೆಡ್ಡಿನಲ್ಲಿ ಹೇಗಿವೆಯೋ ಹಾಗೇ ಸಾಲುಸಾಲಾಗಿ. ಕೆಟ್ಟ ದಿನದಲ್ಲಿ ಯಾರು ಯಾರ ಹತ್ತಿರ ಹೋಗಬಯಸುತ್ತಾರೋ ಅಲ್ಲಿಗೆ ಒಂದೊಂದು ಗೆರೆ. ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ.

ಗೆರೆಗಳು ಎಲ್ಲ ಕಡೆಗೂ ಹೋಗಿದ್ದವು, ಎರಡು ಇಲ್ಲಿಗೆ, ಮೂರು ಅಲ್ಲಿಗೆ. ಆದರೆ ಕಾಗದದ ನಡುವೆ ಒಂದು ಚುಕ್ಕಿ, ಅದಕ್ಕೆ ನಾಲ್ಕೂ ದಿಕ್ಕಿನಿಂದ ಗೆರೆಗಳು ಬಂದು ಬಂದು ಕಪ್ಪುಗಟ್ಟಿತ್ತು. ಬಾಗಿಲ ಬಳಿಯ ಮೊದಲ ಸಾಲಿನಿಂದ, ಕಕ್ಕಸಿನ ಬಳಿಯ ಕೊನೆಯ ಸಾಲಿನಿಂದ, ಮೂಲೆಯ ಮದುರಾ ದ್ವೀಪದ ಹೆಂಗಸರ ಮೇಜುಗಳಿಂದ.

"ಅರವತ್ತೆರಡು ಗೆರೆ, ಬು" ಎಂದಳು ಹಪ್ಸಾರಿ. ಮಸೀದಿಯೊಳಗೆ ಮಾತಾಡುವ ಹಾಗೆ ದನಿ ತಗ್ಗಿಸಿದ್ದಳು. "ನಾನು ಒಂಬತ್ತು ಕಾರ್ಖಾನೆ ನೋಡಿದೀನಿ. ಒಬ್ಬರಿಗೆ ಹತ್ತು ಬಂದ್ರೆ ಹೆಚ್ಚು. ಇದು ತಪ್ಪಿರಬೇಕು ಅಂತ ಕಂಪ್ಯೂಟರಲ್ಲಿ ನಾಲ್ಕು ಸಲ ಲೆಕ್ಕ ಹಾಕಿದೆ. ಮಾತಿನ ಮಲ್ಲಿಯರೂ ಇವರನ್ನೇ ಬರೆದಿದ್ದಾರೆ, ಬಾಯಿ ಬಿಡದವರೂ ಇವರನ್ನೇ. ಮಸೀದಿಗೆ ಹೋಗೋರು, ಚರ್ಚಿಗೆ ಹೋಗೋರು, ಜಾವಾದವರು, ಮದುರಾದವರು, ಚೀನೀಯರು. ನಾನು ಯಾವ ಸ್ವಭಾವ, ಯಾವ ಜಾತಿ ಅಂತ ವಿಂಗಡಿಸೋಕೆ ಹೋದ್ರೂ ಗೆರೆ ಅದನ್ನ ದಾಟಿ ಇಲ್ಲಿಗೇ ಬರುತ್ತೆ. ಮನಸ್ಸಿನ ನೆಮ್ಮದಿ ನೋಡಿ, ನಿಮ್ಮ ಶೆಡ್ಡಿನದು ಇಡೀ ಕಾರ್ಖಾನೇಲೇ ಮೇಲು. ಕೆಲಸ ಬಿಟ್ಟು ಹೋದವರೂ ಇಲ್ಲೇ ಕಡಿಮೆ. ಯಾರು ಅಂತ ನಾನು ಹೇಳಬಾರದು, ನೀವೂ ಕೇಳಬಾರದು."

ಹೇಳುವುದೇನು ಬಂತು! ಆ ನಂಬರುಗಳು ನನ್ನ ಮಕ್ಕಳು ಹುಟ್ಟಿದ ತಾರೀಖಿಗಿಂತ ಚೆನ್ನಾಗಿ ನನಗೆ ಗೊತ್ತು. ಎಪ್ಪತ್ತಮೂರು. ಕಸ್ಮಿರಾ.

ಸೊನ್ನೆ ಎಲ್ಲಿದೆ ಎಂದು ಹುಡುಕುವ ಧೈರ್ಯ ಬರಲಿಲ್ಲ. "ನಿನ್ನ ಕಂಪ್ಯೂಟರಿಗೂ ಲವಂಗದ ಘಾಟು ಹತ್ತಿದೆ" ಎಂದು ರೇಗಿ ಕಾಗದ ಸುತ್ತಿಕೊಟ್ಟೆ. ರಾತ್ರಿಯೆಲ್ಲ ಹೊರಳಾಡಿದೆ. ಆ ಜಗಳಗಂಟಿಯ ಹತ್ತಿರ ಹೋಗಿ ಕೂರಲು ಇವರಿಗೆಲ್ಲ ತಲೆ ಕೆಟ್ಟಿದೆಯೇ? ಪಟ್ಟಿ ಗುರುವಾರ ಮಧ್ಯಾಹ್ನ ಮ್ಯಾನೇಜರಿಗೆ ಒಪ್ಪಿಸಬೇಕಿತ್ತು.

ಬೆಳಗ್ಗೆ ಒಂದು ಉಪಾಯ ಮಾಡಿದೆ. ಹಲ್ಲು ಕೀಳಿಸಬೇಕು ಎಂದು ಹೇಳಿ ಎರಡನೆಯ ಶೆಡ್ಡಿನ ಮೇಸ್ತ್ರಿಯನ್ನು ನನ್ನ ಜಾಗದಲ್ಲಿ ನಿಲ್ಲಿಸಿ, ಹಪ್ಸಾರಿಯನ್ನು ಕರೆದುಕೊಂಡು ಮಹಡಿಯ ಕಚೇರಿಗೆ ಹತ್ತಿದೆ. ಅಲ್ಲಿ ಶೆಡ್ಡಿನ ಕಡೆಗೆ ಒಂದು ಗಾಜಿನ ಕಿಟಕಿ ಇದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ನಾನು ಅದರಿಂದ ಕೆಳಗೆ ನೋಡಿರಲಿಲ್ಲ. ನನ್ನ ಕೆಲಸ ಸಾಲುಗಳ ನಡುವೆ ಓಡಾಡುವುದು, ಸೊಟ್ಟ ಸಿಗರೇಟು ಹೆಕ್ಕಿ ಎಸೆಯುವುದು. ನಾನು ನೋಡಿದ್ದು ಬೆರಳುಗಳನ್ನು.

ಮೇಲಿನಿಂದ ನೋಡಿದರೆ, ದೇವರೇ, ಅದು ಬೇರೆಯೇ ಲೋಕ. ಗಾಳಿ ಬಂದಾಗ ಭತ್ತದ ಗದ್ದೆ ಆಡುವ ಹಾಗೆ ನೂರ ಅರವತ್ತು ತಲೆ ಒಟ್ಟಿಗೆ ಆಡುತ್ತಿದ್ದವು. ಒಂದು ಸಾಲಿನಲ್ಲಿ ನಗು ಎದ್ದರೆ ಅದು ಮೂರು ಸಾಲು ದಾಟಿ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಗಾಜು ಅರ್ಧ ಸರಿಸಿದ್ದರಿಂದ ಕತ್ತರಿಗಳ ಸದ್ದೂ ಮೇಲಕ್ಕೆ ಬರುತ್ತಿತ್ತು, ಎಂಬತ್ತು ಕತ್ತರಿ, ಚಕಚಕಚಕ. ಇಷ್ಟು ಚೆಂದದ ಜಾಗದಲ್ಲಿ ನಾನು ಇಷ್ಟು ವರ್ಷ ಇದ್ದೆನೇ ಎಂದು ನನಗೇ ಬೆರಗಾಯಿತು.

ಏಳೂವರೆಯ ಹೊತ್ತಿಗೆ ಬಾಗಿಲ ಬಳಿಯ ಸಾಲಿನಲ್ಲಿ ಒಂದು ಹುಡುಗಿಯ ಕೈ ನಿಂತಿತು. ಹಿಂದಿನ ವಾರ ತಾಯಿಯನ್ನು ಮಣ್ಣು ಮಾಡಿ ಬಂದವಳು. ಕತ್ತರಿ ಹಿಡಿದು ಹಾಗೇ ಕೂತುಬಿಟ್ಟಳು. ಎದುರಿನವಳು ಸುತ್ತುತ್ತಲೇ ಇದ್ದಳು, ಸವರದ ಸಿಗರೇಟು ರಾಶಿ ಬೀಳುತ್ತಿತ್ತು. ಕಸ್ಮಿ ಕೂತಿದ್ದುದು ಆರು ಸಾಲು ಆಚೆ, ಅದೂ ಆ ಕಡೆಗೆ ಬೆನ್ನು ಹಾಕಿ. ಅವಳು ಒಂದು ಸಲ ತಲೆ ವಾರೆ ಮಾಡಿದಳು. ತಿರುಗಿ ನೋಡಲಿಲ್ಲ. ಮರುಕ್ಷಣ ಅವಳ ಗಂಟಲು ಇಲ್ಲಿಯವರೆಗೂ ಕೇಳಿಸಿತು.

"ಏ, ಇದು ಕತ್ತರಿಸೋ ರೀತೀನಾ? ನಿಮ್ಮಪ್ಪ ನಿನಗೆ ಕತ್ತರಿ ಕೊಟ್ಟಿದ್ದೋ ಕೊಡಲಿ ಕೊಟ್ಟಿದ್ದೋ?"

"ನಮ್ಮಪ್ಪನ ಸುದ್ದಿಗೆ ಬಂದ್ರೆ ನೋಡು ಯು! ನಿನ್ನ ಮುಖ ನೋಡೋಕಾಗಲ್ಲ ನಂಗೆ!"

ನನ್ನ ಬದಲಿಗೆ ನಿಂತವಳು ಕೈ ಬೀಸಿ ಅಟ್ಟಿದಳು, ಥೇಟ್ ನನ್ನ ಹಾಗೆಯೇ. ಗಿಯೋಕ್ ಲಾನ್ ದುಡುದುಡು ಎದ್ದು, ಸಾಲು ಸುತ್ತಿ, ನೇರ ಹೋಗಿ ಆ ಹುಡುಗಿಯ ಪಕ್ಕದಲ್ಲಿ ಕೂತಳು. ಹುಡುಗಿಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು, ರಾಶಿ ಎಳೆದುಕೊಂಡು, ಚಕಚಕ ಸವರತೊಡಗಿದಳು. ಅತ್ತ ಕಸ್ಮಿಯ ಮುಂದೆ ಅವಳದೇ ಸಿಗರೇಟು ಸವರುವವರಿಲ್ಲದೆ ರಾಶಿ ಬೀಳುತ್ತಿತ್ತು. ಹುಡುಗಿ ಕಣ್ಣೊರೆಸಿಕೊಂಡು ಕತ್ತರಿ ಎತ್ತಿಕೊಂಡ ಮೇಲೆ ಗಿಯೋಕ್ ಲಾನ್ ಮುಖ ಗಂಟು ಹಾಕಿಕೊಂಡು ತನ್ನ ಜಾಗಕ್ಕೆ ವಾಪಸಾದಳು. ಹತ್ತು ಗಂಟೆಯೊಳಗೆ ಇದೇ ನಾಟಕ ಮೂರು ಸಲ, ಮೂರು ಬೇರೆ ಬೇರೆ ಮೇಜಿಗೆ.

ಒಬ್ಬರ ಎಣಿಕೆಗೆ ಇನ್ನೊಬ್ಬರು ಕೈ ಹಾಕಬಾರದು ಎಂಬ ನಿಯಮ ನನ್ನದೇ. ಅದನ್ನು ಗೋಡೆಗೆ ಅಂಟಿಸಿದವಳೂ ನಾನೇ. ಹನ್ನೊಂದು ವರ್ಷ ಈ ಇಬ್ಬರು ನನ್ನ ಕಣ್ಣಿಗೆ ಮಣ್ಣೆರಚಿದ್ದರು, ಅದಕ್ಕೆ ನನ್ನ ಬಾಯಿಂದಲೇ ಅಪ್ಪಣೆಯನ್ನೂ ಪಡೆಯುತ್ತಿದ್ದರು.

ಹಪ್ಸಾರಿ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. "ಬು, ಅವರು ತಿರುಗಿ ನೋಡ್ಲೇ ಇಲ್ಲ. ಹೇಗೆ ಗೊತ್ತಾಗುತ್ತೆ ಅವರಿಗೆ?"

ನನಗೆ ಆಗಲೇ ಹೊಳೆದಿತ್ತು. ಹೊಳೆದು ಮೈ ಜುಮ್ಮೆಂದಿತ್ತು. "ಕತ್ತರಿ" ಎಂದೆ. "ಎಂಬತ್ತು ಕತ್ತರಿ ಸದ್ದಿನಲ್ಲಿ ಒಂದು ನಿಂತ್ರೆ ಅವಳಿಗೆ ಕೇಳುತ್ತೆ. ಯಾವ ಕಡೆಯದು ಅಂತಾನೂ ಗೊತ್ತಾಗುತ್ತೆ. ಜಗಳ ತೆಗೆದು ಗಿಯೋಕ್ ಲಾನ್‌ನ ಅಲ್ಲಿಗೆ ಕಳಿಸೋಳು ಅವಳೇ, ಅದು ಶೆಡ್ಡಿಗೆಲ್ಲ ಗೊತ್ತಿರಬೇಕು."

ಹಪ್ಸಾರಿಯ ಕಣ್ಣಲ್ಲಿ ನೀರಿತ್ತು. ನಾನು ಕಿವಿಗೊಟ್ಟು ಕೇಳಿದೆ. ನನಗೆ ಎಂಬತ್ತೂ ಕಲಸಿದ ಒಂದೇ ಸದ್ದು ಕೇಳುತ್ತಿತ್ತು.

ಮಧ್ಯಾಹ್ನ ಪಾಕ್ ದಾನು ಅವರ ಕೋಣೆ. ನನ್ನ ಪಟ್ಟಿ ಅವರ ಮುಂದಿತ್ತು, ಪಕ್ಕದಲ್ಲಿ ಹಪ್ಸಾರಿಯ ದೊಡ್ಡ ಕಾಗದ. ಅವರು ಅದನ್ನು ನೋಡುತ್ತಾ ನೋಡುತ್ತಾ ಕುರ್ಚಿಯಿಂದ ಎದ್ದು ನಿಂತರು.

"ಇದು ಒಬ್ಬರೇನಾ? ಅಬ್ಬಬ್ಬಾ!" ನನ್ನ ಕಡೆ ತಿರುಗಿ ಕೈ ಮುಗಿಯುವ ಹಾಗೆ ಬಗ್ಗಿದರು. "ನೀವೇ ಅಲ್ವಾ ಬು ಸುಪ್ರಾಪ್ತಿ? ಇಪ್ಪತ್ತೆರಡು ವರ್ಷದ ಅನುಭವ ಅಂದ್ರೆ ಸುಮ್ನೇನಾ!"

ಹೇಳಿದೆನಲ್ಲ, ನಾನು ಜಂಬದವಳು. ಹೊಗಳಿಕೆಗೆ ನನ್ನ ಕತ್ತು ತಾನಾಗಿ ಬಾಗತೊಡಗಿತ್ತು. ಹೌದೆಂದರೆ ಸಾಕು. ಹಪ್ಸಾರಿ ಹೆಸರು ಹೇಳುವ ಹಾಗಿಲ್ಲ, ಬಾಯಿ ಬಿಡುವವರು ಯಾರೂ ಇಲ್ಲ. ಕಸ್ಮಿ ಸೋಮವಾರದಿಂದ ಬರುವುದಿಲ್ಲ, ಅಷ್ಟೇ. ಆ ಒಂದು ಗಳಿಗೆ ನಾನು ಎಷ್ಟು ಸಣ್ಣವಳಾಗಬಲ್ಲೆ ಎಂದು ನನಗೆ ಗೊತ್ತಾಯಿತು.

"ಅಲ್ಲ" ಎಂದೆ. "ಅದು ನಾನು ಕಳಿಸಿಬಿಡಿ ಅಂತ ಬರೆದಿರೋಳು."

ನಾನು ನಿಲ್ಲಿಸಲಿಲ್ಲ. ಜಗಳ, ಕತ್ತರಿ, ಬೇರೆಯವರ ಎಣಿಕೆ, ಎಲ್ಲ ಹೇಳಿದೆ. ಅವರ ಹೆಸರಿಗೆ ಬರಬೇಕಾದ ಸಿಗರೇಟು ಶೆಡ್ಡಿನ ತುಂಬ ಬೇರೆಯವರ ಬುಟ್ಟಿಯಲ್ಲಿವೆ ಎಂದೆ.

ಪಾಕ್ ದಾನು ಅವರ ಮುಖ ಬಿಗಿಯಾಯಿತು. "ಅಂದ್ರೆ ಹನ್ನೊಂದು ವರ್ಷ ನಿಯಮ ಮುರಿದಿದ್ದಾರೆ."

"ಮುರಿದಿದ್ದಾರೆ. ನೋಡ್ಕೋಬೇಕಾದವಳು ನಾನು, ನೋಡ್ಲಿಲ್ಲ. ಮನೆಗೆ ಕಳಿಸೋದಾದ್ರೆ ನನ್ನ ಕಳಿಸಿ ಪಾಕ್. ನಾನು ಹೋದ್ರೆ ಆ ಶೆಡ್ಡು ನಡೆಯುತ್ತೆ. ಅವಳು ಹೋದ್ರೆ ನಡೆಯಲ್ಲ. ಈ ಹುಡುಗಿ ಅದನ್ನ ಗೆರೆ ಎಳೆದು ತೋರಿಸಿದಾಳೆ, ನಿಮ್ಮ ಕಣ್ಣೆದುರಿಗೇ ಇದೆ."

"ಹಾಗಾದ್ರೆ ಇದ್ರಲ್ಲಿ ನೀವೆಲ್ಲಿದೀರಿ?"

"ಪಾಕ್, ಅದು ಈಗ ಬೇಕಾಗಿಲ್ಲ..." ಎಂದು ಹಪ್ಸಾರಿ ಕಾಗದ ಮಡಚಲು ಹೋದಳು. ನಾನು ಅವಳ ಕೈ ಹಿಡಿದೆ. ನಾನೇ ಹುಡುಕಿದೆ. ಬಲತುದಿಯ ಅಂಚಿನಲ್ಲಿ, ಸಾಲಿಗೆ ಸೇರದ ಕಡೆ, ಸೊನ್ನೆ. ಅದರಿಂದ ಹೊರಟ ಗೆರೆ ಇರಲಿಲ್ಲ, ನಾನು ಖಾಲಿ ಬಿಟ್ಟಿದ್ದೆನಲ್ಲ. ಬಂದದ್ದು ಒಂದೇ ಒಂದು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಪಾಕ್ ದಾನು ಪೆನ್ನಿನ ತುದಿಯನ್ನು ಆ ಗೆರೆಯ ಮೇಲಿಟ್ಟು ಹಿಂದಕ್ಕೆ ಜಾರಿಸುತ್ತಾ ಹೋದರು. ಹದಿನೈದನೆಯ ಸಾಲು, ಹನ್ನೆರಡು, ಹತ್ತು. ಕಪ್ಪುಗಟ್ಟಿದ ನಡುವಿಗೆ ಬಂದು ಪೆನ್ನು ನಿಂತಿತು.

"ಇವರಿಂದ ಹೊರಟಿರೋದು ಇದೊಂದೇ ಗೆರೆ" ಎಂದರು ಮೆಲ್ಲಗೆ. "ಎಪ್ಪತ್ತಮೂರು."

ಅವರು ಪಟ್ಟಿ ಎಳೆದುಕೊಂಡು ಎರಡೂ ಹೆಸರು ಹೊಡೆದು ಹಾಕಿದರು. ಮೂರನೆಯ ಶೆಡ್ಡಿನ ಜೋಡಿಗಳನ್ನು ಮುಟ್ಟುವುದಿಲ್ಲ, ಮೇಲಿನವರಿಗೆ ತಾವೇ ಬರೆಯುತ್ತೇವೆ ಎಂದರು. ಹಪ್ಸಾರಿಯನ್ನು, ಉಳಿದ ಶೆಡ್ಡುಗಳಲ್ಲೂ ಹೀಗೇ ಕೇಳಿ ಎಂದು ಕೇಳಿಕೊಂಡರು. ನನ್ನನ್ನು ಕಳಿಸುವ ಮಾತು ಅವರೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಶುಕ್ರವಾರ ಕೆಲಸ ಬಿಟ್ಟ ಮೇಲೆ ಗೇಟಿನ ಆಚೆಯ ಅಂಗಡಿಯಲ್ಲಿ ಕಸ್ಮಿ ಒಬ್ಬಳೇ ಎಮ್ಮೆ ಮಾಂಸದ ಸಾರು, ಸೋತೋ, ಉಣ್ಣುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತೆ. ಮೊದಲು ಬಾಯಿಗೆ ಬಂದದ್ದು ಬೈಗುಳವೇ, ಅಭ್ಯಾಸಬಲ.

"ಏನೇ ಕಳ್ಳಿ, ಹನ್ನೊಂದು ವರ್ಷ ನನ್ನ ಮುಂದೆ ನಾಟಕ ಆಡಿದೀಯಲ್ಲ!"

ಅವಳು ಚಮಚ ಕೆಳಗಿಟ್ಟಳು. ಮುಖ ಬಿಳಿಚಿತು. "ಗಿಯೋಕ್ ಲಾನ್ ತಪ್ಪೇನಿಲ್ಲ ಬು. ಹೇಳಿದ್ದು ನಾನು."

"ಸುಮ್ನಿರು. ನಿಮ್ಮಿಬ್ಬರನ್ನ ಯಾರೂ ಮುಟ್ಟಲ್ಲ. ನಾನು ನಿನ್ನ ಹೆಸರು ಬರೆದಿದ್ದೆ ಕಸ್ಮಿ, ಮನೆಗೆ ಕಳಿಸೋ ಪಟ್ಟೀಲಿ."

"ಗೊತ್ತಿತ್ತು. ಶೆಡ್ಡಿಗೆಲ್ಲಾ ಗೊತ್ತಿತ್ತು."

"ಗೊತ್ತಿದ್ದೂ ಆ ಹುಡುಗಿ ಕಾಗದದಲ್ಲಿ ನನ್ನ ನಂಬರು ಬರೆದ್ಯಾ?"

"ಪಟ್ಟಿ ಬೇರೆ, ಕೆಟ್ಟ ದಿನ ಬೇರೆ ಬು." ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನಮ್ಮ ಮನೆಯವರು ತೀರಿಹೋಗಿ ಎಂಟನೇ ದಿನಕ್ಕೆ ಕೆಲಸಕ್ಕೆ ಬಂದಿದ್ದೆ. ಶೆಡ್ಡಿಗೆ ಶೆಡ್ಡೇ ನನ್ನ ನೋಡಿ ಅಳೋದು. ಎಲ್ಲರನ್ನೂ ನಾನೇ ಸಮಾಧಾನ ಮಾಡೋದು. ಸಾಕಾಗಿಹೋಯ್ತು ಬು. ಆಗ ನೀವು ಬಂದ್ರಿ. ನನ್ನ ಬುಟ್ಟಿಗೆ ಕೈ ಹಾಕಿ, ಇದೇನು ಬಾಳೆಕಾಯಾ, ಮತ್ತೆ ಸುತ್ತು ಅಂತ ಅಷ್ಟನ್ನೂ ಬಿಚ್ಚಿಸಿದ್ರಿ. ನಾನು ಪೂರ್ತಿ ಸುತ್ತಿ ಮುಗಿಸೋವರೆಗೂ ಪಕ್ಕದಲ್ಲೇ ನಿಂತಿದ್ರಿ, ಬೈಯ್ತಾ. ಆ ಒಂದು ಗಂಟೆ ನಾನು ಗಂಡ ಸತ್ತೋಳಾಗಿರ್ಲಿಲ್ಲ. ಸಿಗರೇಟು ಸುತ್ತೋಳು, ಅಷ್ಟೇ. ಆ ಒಂದು ಗಂಟೆ ಸಿಕ್ಕಿದ್ದಕ್ಕೇ ಮಾರನೇ ದಿನಾನೂ ಬಂದೆ."

ಅವಳು ನನ್ನ ಮುಖ ನೋಡಿದಳು, ನಾನು ಏನಾದರೂ ಹೇಳಲಿ ಎಂದು. ನಾನು ನೆನಪಿದೆ ಎನ್ನುವ ಹಾಗೆ ತಲೆಯಾಡಿಸಿದೆ. ಆ ದಿನ ನನಗೆ ನೆನಪೇ ಇರಲಿಲ್ಲ.